ಜರ್ಮೇನಿಯಂ ಅಂತ ಸಿಲಿಕಾನ್ ಕೊಟ್ಟರು: ಪೆಡಲ್ ಕಿಟ್ ತರಿಸುವವರಿಗೆ ಒಂದು ಮಾತು

ಗಿಟಾರ್ ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಮನೆಯಲ್ಲೇ ಕಟ್ಟೋಣ ಅಂತ ಹೊರಟಿದ್ದರೆ ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ. ನಾನು 2,900 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಫಜ್ ಬ್ರೆಡ್‌ಬೋರ್ಡ್ ಕಿಟ್ ತರಿಸಿದೆ. ಫಜ್ ಅಂದರೆ ಗಿಟಾರಿನ ಸದ್ದನ್ನು ಒರಟಾಗಿ ಒಡೆಯುವ ಪೆಡಲ್, ಬ್ರೆಡ್‌ಬೋರ್ಡ್ ಅಂದರೆ ಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ. ಬೆಸುಗೆ ಬೇಡ, ಚುಚ್ಚಿದರೆ ಸಾಕು, ಜೊತೆಗೆ ಎರಡು ಅಸಲಿ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ಎಂದಿತ್ತು. ಈಗಿನ ಸಿಲಿಕಾನ್‌ಗಿಂತ ಮೆತ್ತನೆ ಸದ್ದಿಗೆ ಹೆಸರಾದ ಹಳೆಯ ಬಗೆ ಅದು. ಮರುಳಾಗಿದ್ದು ಆ ಟ್ರಾನ್ಸಿಸ್ಟರ್‌ಗೇ.

ಕಿಟ್ಟಿನಲ್ಲಿದ್ದದ್ದು ಫಜ್ ಫೇಸ್ ಎಂಬ ಹಳೆಯ ಪೆಡಲ್ಲಿನ ಸರ್ಕ್ಯೂಟ್, ಬಲು ಸರಳ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಆ ದುಂಡನೆ ಪೆಡಲ್‌ನೊಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ಗುಂಡಿ), ಅಷ್ಟೇ. ಅರ್ಧ ಗಂಟೆಯ ಕೆಲಸ. ನನಗೆ ಮೂರು ರಾತ್ರಿ ಹಿಡಿಯಿತು.

ಮೊದಲ ರಾತ್ರಿ ಸದ್ದೇ ಇಲ್ಲ. ನಾನೇ ಎಲ್ಲೋ ತಪ್ಪಿದೆ ಅಂತ ಎಲ್ಲ ಕಿತ್ತು ಮತ್ತೆ ಚುಚ್ಚಿದೆ, ಎರಡು ಸಲ. ಕೊನೆಗೆ ಮೀಟರ್ ಹಿಡಿದರೆ ಬೋರ್ಡಿನ ಪವರ್ ಸಾಲಿನಲ್ಲಿ ಎಡಗಡೆ 9.2 ವೋಲ್ಟ್, ಬಲಗಡೆ ಸೊನ್ನೆ. ಒಳಗಿನ ಲೋಹದ ಪಟ್ಟಿ ನಟ್ಟನಡುವೆ ತುಂಡು. ಅಂಥ ಬೋರ್ಡುಗಳೂ ಇರುತ್ತವೆ, ಆದರೆ ಸಾಮಾನ್ಯವಾಗಿ ಮೇಲಿನ ಕೆಂಪು ಗೆರೆಯನ್ನೂ ಅಲ್ಲಿ ಬಿಟ್ಟೇ ಮುದ್ರಿಸುತ್ತಾರೆ. ಇದರಲ್ಲಿ ಗೆರೆ ಅಖಂಡವಾಗಿತ್ತು.

ಎರಡನೇ ರಾತ್ರಿ ಮೇಜು ತಟ್ಟಿದರೆ ಸಾಕು, ಆಂಪ್‌ನಲ್ಲಿ ಕರಕರ. ಪಾಟ್‌ನ ಕಾಲುಗಳು ದಪ್ಪ. ಒತ್ತಿ ಚುಚ್ಚಿದ್ದಕ್ಕೆ ಕ್ಲಿಪ್‌ಗಳು ಅಗಲವಾಗಿ, ಆ ತೂತಿಗೆ ಹಾಕಿದ ರೆಸಿಸ್ಟರ್ ತಾನಾಗಿ ಜಾರಿ ಬರುತ್ತಿತ್ತು. ಪಾಟ್‌ಗೆ ಅವರೇ ವೈರ್ ಬೆಸೆದು ಕೊಡಬೇಕಿತ್ತು. (ಬೆಸುಗೆ ಬೇಡ ಅಂದಿದ್ದರಲ್ಲ!) ನಡುವೆ ಸಣ್ಣಗೆ ರೇಡಿಯೋ ಕೂಡ ಕೇಳಿಸಿತು. ಅದು ಕಿಟ್ಟಿನ ತಪ್ಪಲ್ಲ. ಬಯಲಲ್ಲಿರುವ ವೈರುಗಳು ಆಂಟೆನಾ ಆಗುತ್ತವೆ, ಪೆಡಲ್ಲನ್ನು ಲೋಹದ ಡಬ್ಬಿಗೆ ಹಾಕುವುದು ಅದಕ್ಕೂ ಹೌದು.

ಮೂರನೇ ರಾತ್ರಿ ಸದ್ದು ಬಂತು. ಆದರೆ ಕಿವಿಗೆ ಚುಚ್ಚುವ ಸದ್ದು. ಗಿಟಾರಿನ ವಾಲ್ಯೂಮ್ ಇಳಿಸಿದರೆ ಜರ್ಮೇನಿಯಂ ಫಜ್ ತಿಳಿಯಾಗಬೇಕು, ಇದು ಆಗಲಿಲ್ಲ. ಅನುಮಾನ ಬಂದು ಟ್ರಾನ್ಸಿಸ್ಟರ್ ಕಿತ್ತು, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಬೇಸ್ ಮತ್ತು ಎಮಿಟರ್ ನಡುವೆ ಇಟ್ಟೆ: 0.66 ವೋಲ್ಟ್, ಅಂದರೆ ಸಿಲಿಕಾನ್. ಜರ್ಮೇನಿಯಂ ಆಗಿದ್ದರೆ 0.2ರಿಂದ 0.3ರೊಳಗೆ ತೋರಿಸಬೇಕು. ಇನ್ನೊಂದೂ ಅಷ್ಟೇ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಎಸಿ128 ಅಳಿಸಿಹೋಗಿ, ಕೆಳಗೆ ಬೇರೆ ನಂಬರಿನ ಮಸುಕು ಗುರುತು ಕಂಡಿತು.

ಇನ್ನು ಕಿಟ್ಟಿನ ಅಡಾಪ್ಟರ್: ನಡುವಿನ ಪಿನ್ ಪ್ಲಸ್. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದ್ದು ನಡುವೆ ಮೈನಸ್. ಗೆಳೆಯನ ಡಿಲೇ ಪೆಡಲ್‌ಗೆ ಸಿಕ್ಕಿಸುವ ಮೊದಲು ಲೇಬಲ್ ನೋಡಿದ್ದು ನನ್ನ ಪುಣ್ಯ.

ಮಾರಿದವರಿಗೆ ಫೋಟೋ ಸಮೇತ ಬರೆದೆ. "ಟೆಸ್ಟ್ ಮಾಡಿಯೇ ಕಳಿಸ್ತೀವಿ ಸರ್, ಏಳು ದಿನ ಮೀರಿದೆ" ಎಂದರು. ಪೆಟ್ಟಿಗೆ ಬಂದು ಹತ್ತು ದಿನ ಕಪಾಟಿನಲ್ಲಿಟ್ಟದ್ದು ನನ್ನ ಮೂರ್ಖತನ. ನೀವು ಬಂದ ದಿನವೇ ಪವರ್ ಸಾಲಿನ ಎರಡೂ ತುದಿ ಅಳೆಯಿರಿ, ಟ್ರಾನ್ಸಿಸ್ಟರ್‌ಗಳನ್ನು ಡಯೋಡ್ ಗುರುತಿನಲ್ಲಿ ನೋಡಿ, ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿ.

ಬೇರೆ ಬೋರ್ಡ್ ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಜರ್ಮೇನಿಯಂ ಕೇಳಿದೆ. ಅಂಗಡಿಯವರು ನಕ್ಕರು. "ಅದೆಲ್ಲ ಯಾವ ಕಾಲದ್ದು ಸ್ವಾಮಿ, ಬಿಸಿ547 ತಗೊಳ್ಳಿ." ತಗೊಂಡೆ. ಅದೂ ಸಿಲಿಕಾನೇ, ಮೇಲಾಗಿ ಎನ್‌ಪಿಎನ್, ಅಂದರೆ ಎಸಿ128ರಂಥ ಪಿಎನ್‌ಪಿಗೆ ಪ್ಲಸ್-ಮೈನಸ್ ಉಲ್ಟಾ ಇರುವ ಬಗೆ, ಹಾಗಾಗಿ ಬ್ಯಾಟರಿ ತಿರುಗಿಸಬೇಕಾಯಿತು. ಈಗ ಬೋರ್ಡ್ ಮೇಲೆ ಅವೇ ಇವೆ.