ವಲಸೆ ಹಕ್ಕಿ ನೋಡೋದಾ, ಊರಾಗಿನ ಹಕ್ಕಿ ನೋಡೋದಾ?

ಬಾಗಲಕೋಟ್ಯಾಗ ಹೊಸದಾಗಿ ಹಕ್ಕಿ ನೋಡಾಕ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೀರಿ. ಟೈಮ್ ನೋಡಿದ್ರ, ವಲಸೆ ಹಕ್ಕಿ ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕಷ್ಟ ಬರ್ತಾವ, ಮಂಗೋಲಿಯಾ ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಆಲಮಟ್ಟಿ ಹಿನ್ನೀರಿಗೆ, ಬ್ಯಾಸಿಗಿ ಬಿಸಿ ಏರೋದ್ರಾಗ ಹೊಳ್ಳಿ ಹೋಗ್ತಾವ, ಮರಿ ಮಾಡೋದು ಆ ಕಡೆನೇ ನೋಡ್ರಿ. ಟಿಟ್ಟಿಭ, ಮಿಂಚುಳ್ಳಿ ವರ್ಷಪೂರ್ತಿ ಇಲ್ಲೇ, ಟಿಟ್ಟಿಭ ಅಂತೂ ಬ್ಯಾಸಿಗ್ಯಾಗ ಬರೇ ನೆಲದ ಮ್ಯಾಲ ತತ್ತಿ ಇಡತೈತಿ (ಹತ್ರ ಹೋಗಬ್ಯಾಡ್ರಿ, ಒದರಿ ತಲಿ ತಿಂತೈತಿ). ಖರ್ಚು ಅಂದ್ರ, ಊರ ಹಕ್ಕಿಗೆ ಕಣ್ಣು ಸಾಕು, ಹೆಬ್ಬಾತಿಗೆ ಬೈನಾಕ್ಯುಲರ್ ಬೇಕು, ದೂರ ಕೂಡ್ತಾವ. ಗುರುತು ಹಿಡಿಯಾಕ ಹೆಬ್ಬಾತು ಸುಲಭ, ಬಿಳಿ ತಲಿ, ಎರಡು ಕರಿ ಪಟ್ಟಿ. ಡಿಸೆಂಬರ್‌ದಾಗ ಒಂದು ಸಂಡೆ ಫ್ರೀ ಇದ್ರ ಹಿನ್ನೀರಿಗೆ ಹೋಗ್ರಿ, ಮಕ್ಕಳ ಜೋಡಿ ದಿನಾ ನೋಡೋದಾದ್ರ ಊರ ಕೆರಿ ದಂಡಿನೇ ಬೆಸ್ಟ್.