ಪಾಸ್, ಕೊನೇ ಗಳಿಗೆಯ ಟಿಕೆಟ್, ವಾಲಂಟಿಯರ್ ಕೆಲಸ, ರಿಹರ್ಸಲ್: ಕ್ಯಾಂಪಸ್ ರಂಗಮಂದಿರಕ್ಕೆ ಹೋಗಲು ಯಾವುದು ವಾಸಿ?

ಕಾಲೇಜಿನ ಮೊದಲ ವರ್ಷ ನಾನು ಕ್ಯಾಂಪಸ್ಸಿನ ರಂಗಮಂದಿರದಲ್ಲಿ ನೋಡಿದ್ದು ಒಂದೇ ನಾಟಕ. ಪೂರ್ತಿ ದುಡ್ಡು ಕೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ವೇದಿಕೆ ಹೆಚ್ಚುಕಮ್ಮಿ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು, ನಟರ ಪಾದ ಮಾತ್ರ ಕಾಣಲೇ ಇಲ್ಲ. ದುಡ್ಡು ಜಾಸ್ತಿ ಆದರೆ ಸೀಟೂ ಒಳ್ಳೇದು ಅನ್ನುವ ನಂಬಿಕೆ ಅವತ್ತೇ ಹೋಯಿತು. ಆಮೇಲೆ ಎರಡು ವರ್ಷ ಅಗ್ಗದ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆ.

ಮೊದಲು ಕೊಂಡಿದ್ದು ವಿದ್ಯಾರ್ಥಿ ಪಾಸ್. ವರ್ಷದ ಶುರುವಿನಲ್ಲಿ ಒಂದೇ ಸಲ ದುಡ್ಡು ಕಟ್ಟಿದರೆ ಹತ್ತು ಕಾರ್ಯಕ್ರಮ. ಕಾಗದದ ಮೇಲೆ ಇದಕ್ಕಿಂತ ಲಾಭ ಇಲ್ಲ. ಆದರೆ ಪರೀಕ್ಷೆ, ಪ್ರಾಜೆಕ್ಟು, ಜ್ವರ ಎಲ್ಲ ಕಳೆದು ನಾನು ಹೋಗಿದ್ದು ನಾಲ್ಕಕ್ಕೆ. ಲೆಕ್ಕ ಹಾಕಿದರೆ ಬಿಡಿ ಟಿಕೆಟ್ಟಿಗಿಂತ ದುಬಾರಿಯೇ ಬಿತ್ತು. ಒಂದು ಒಳ್ಳೇದಾಯಿತು ಅನ್ನಿ: ದುಡ್ಡು ಹೇಗೂ ಕೊಟ್ಟಾಗಿದೆ ಅಂತ ಒಂದು ಸಂಜೆ ಸುಮ್ನೆ ಗೊಂಬೆಯಾಟಕ್ಕೆ ಹೋದೆ. ಬೇರೆ ಟಿಕೆಟ್ ತೆಗೆದು ನಾನು ಯಾವತ್ತೂ ಅದಕ್ಕೆ ಹೋಗುತ್ತಿರಲಿಲ್ಲ. ಆ ವರ್ಷ ನೋಡಿದ್ದರಲ್ಲಿ ಅದೇ ಚೆನ್ನಾಗಿತ್ತು.

ಪಾಸಿಗೆ ಪೂರಾ ಉಲ್ಟಾ ಇರೋದು ಕೊನೇ ಗಳಿಗೆಯ ಟಿಕೆಟ್. ಪರದೆ ಎದ್ದ ಮೇಲೆ ಖಾಲಿ ಕುರ್ಚಿಯಿಂದ ಯಾರಿಗೂ ಒಂದು ಪೈಸೆ ಹುಟ್ಟುವುದಿಲ್ಲ. ಹಾಗಾಗಿ ಮಾರಾಟವಾಗದೆ ಉಳಿದದ್ದು, ಅತಿಥಿಗಳಿಗೆಂದು ಇಟ್ಟು ಅವರು ಬಾರದೆ ಉಳಿದದ್ದು, ಎರಡನ್ನೂ ಶುರುವಾಗುವ ಸ್ವಲ್ಪ ಮೊದಲು ಗುರುತಿನ ಚೀಟಿ ತೋರಿಸಿದವರಿಗೆ ಕಡಿಮೆ ದುಡ್ಡಿಗೆ ಬಿಡುತ್ತಾರೆ. ನಾನು ಕೂತ ಅತಿ ಒಳ್ಳೆಯ ಸೀಟು, ಐದನೇ ಸಾಲಿನ ನಟ್ಟನಡುವೆ, ಸಿಕ್ಕಿದ್ದು ಹೀಗೇ. ಅತಿ ಕೆಟ್ಟ ಸಂಜೆಯೂ ಇದರದೇ. ಒಂದೂವರೆ ಗಂಟೆ ಸಾಲಿನಲ್ಲಿ ನಿಂತಿದ್ದೆ, ನನ್ನ ಮುಂದೆ ಮೂರೇ ಜನ ಇದ್ದಾಗ ಕೌಂಟರ್ ಮುಚ್ಚಿತು. ಉಳಿಯುವ ಸೀಟುಗಳು ಹೆಚ್ಚಾಗಿ ಅಲ್ಲೊಂದು ಇಲ್ಲೊಂದು. ಜೊತೆಗಾರರನ್ನು ಕಟ್ಟಿಕೊಂಡು ಹೋದರೆ ಒಬ್ಬೊಬ್ಬರು ಒಂದೊಂದು ಮೂಲೆ. ಒಬ್ಬರೇ ಹೋಗಿ, ವಾರದ ನಡುವಿನ ಪ್ರದರ್ಶನಕ್ಕೆ ಹೋಗಿ.

ನಾನು ಹೆಚ್ಚು ದಿನ ಅಂಟಿಕೊಂಡಿದ್ದು ವಾಲಂಟಿಯರ್ ಕೆಲಸಕ್ಕೆ. ಬಾಗಿಲಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವುದು, ಮುಗಿದ ಮೇಲೆ ಬಿದ್ದ ಕಾಗದ ಹೆಕ್ಕುವುದು, ಬದಲಿಗೆ ಕಾರ್ಯಕ್ರಮ ಪುಕ್ಕಟೆ. ಪುಕ್ಕಟೆ ಅಂದೆ, ಆದರೆ ಒಂದೂವರೆ ಗಂಟೆ ಮುಂಚೆ ಹೋಗಬೇಕು, ಅರ್ಧ ಗಂಟೆ ತಡವಾಗಿ ಹೊರಡಬೇಕು. ಟಾರ್ಚ್ ಹಿಡಿಯುವುದರಲ್ಲೂ ಒಂದು ಕಲೆ ಇದೆ. ಬೆಳಕಿಗೆ ಎರಡು ಬೆರಳು ಅಡ್ಡ ಇಟ್ಟು, ನೆಲಕ್ಕೆ ಮಾತ್ರ ಬೀಳುವ ಹಾಗೆ, ಬಂದವರ ಬೆನ್ನ ಹಿಂದಲ್ಲ, ಅವರ ಕಾಲ ಮುಂದೆ ಬಿಡಬೇಕು. ಮೊದಲ ದಿನ ನಾನು ಒಬ್ಬ ಹಿರಿಯರ ಮುಖಕ್ಕೇ ಬಿಟ್ಟು ಬೈಸಿಕೊಂಡೆ. ತಡವಾಗಿ ಬಂದವರನ್ನು ಚಪ್ಪಾಳೆ ಬೀಳುವವರೆಗೂ ಬಾಗಿಲಲ್ಲೇ ನಿಲ್ಲಿಸಿಕೊಳ್ಳಬೇಕು. ಹಾಗಾಗಿ ಮೊದಲ ಹತ್ತು ನಿಮಿಷ ನಮಗೂ ಇಲ್ಲ.

ಆದರೆ ಒಂದೇ ನಾಟಕವನ್ನು ಮೂರು ರಾತ್ರಿ ನೋಡುವ ಭಾಗ್ಯ ಇನ್ಯಾವ ದಾರಿಯಲ್ಲೂ ಸಿಗಲಿಲ್ಲ. ಮೊದಲ ರಾತ್ರಿ ಸೂರು ಹಾರಿಹೋಗುವಂತೆ ನಗು ಬಂದ ಮಾತಿಗೆ ಎರಡನೇ ರಾತ್ರಿ ಒಂದು ಕೆಮ್ಮು ಬಿಟ್ಟರೆ ಏನೂ ಇಲ್ಲ. ಮೂರನೇ ರಾತ್ರಿ ಆ ನಟ ಮಾತಿಗೆ ಮೊದಲು ಅರೆಕ್ಷಣ ತಡೆದ, ಅಷ್ಟೇ. ನಗು ವಾಪಸ್ ಬಂತು. ಬಾಗಿಲ ಹತ್ತಿರ ಟಾರ್ಚ್ ಆರಿಸಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು.

ಕೊನೇ ರಿಹರ್ಸಲ್ಲಿಗೆ ಬಿಡುತ್ತಾರಾ ಅಂತ ಕೇಳಿ ನೋಡಿ. ವೇಷ, ಬೆಳಕು ಎಲ್ಲ ಇರುತ್ತೆ, ಟಿಕೆಟ್ ಇರಲ್ಲ. ಸಂಜೆಯಿಡೀ ಖಾಲಿ ಇರುವವರಿಗೆ ಮಾತ್ರ ಇದು. ನಾನು ಹೋದಾಗ ಒಂದು ಬಾಗಿಲು ತೆರೆಯಲಿಲ್ಲ ಅಂತ ಅದೇ ದೃಶ್ಯವನ್ನು ಐದು ಸಲ ಮಾಡಿದರು. ಕಥೆ ಹರಿದು ಚಿಂದಿ, ಆದರೆ ನಾಟಕ ಹೇಗೆ ಕಟ್ಟುತ್ತಾರೆ ಅಂತ ಕಂಡಿತು.

ಸಂಗೀತಕ್ಕೆ ಇದ್ಯಾವುದೂ ಬೇಡ. ಸಂಗೀತ ವಿಭಾಗದ ವಿದ್ಯಾರ್ಥಿಗಳು ಪದವಿಗಾಗಿ ಕೊಡುವ ಕಾರ್ಯಕ್ರಮಗಳು ಹೆಚ್ಚಾಗಿ ಉಚಿತ, ಅರ್ಧ ಕುರ್ಚಿ ಖಾಲಿ. ಸಣ್ಣ ಕೋಣೆಯೊಂದರಲ್ಲಿ ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕೂತು ಕಾಲ ನಡುವೆ ಹಿಡಿದು ನುಡಿಸುವ ಒಂದು ಚೆಲ್ಲೊ ಕೇಳಿದೆ. ತಾಳ ತೋರಿಸಲು ಯಾರೂ ಇಲ್ಲ. ಮೊದಲ ಪಿಟೀಲಿನ ಹುಡುಗಿ ಮೂಗಿನಿಂದ ಜೋರಾಗಿ ಉಸಿರೆಳೆದಳು, ನಾಲ್ಕೂ ಕಮಾನು ಒಟ್ಟಿಗೆ ಇಳಿದವು. ಆ ಉಸಿರು ದೊಡ್ಡ ಸಭಾಂಗಣದ ಐದನೇ ಸಾಲಿಗೂ ಕೇಳಿಸುತ್ತಿತ್ತೋ ಇಲ್ಲವೋ!

ನೃತ್ಯಕ್ಕೆ ಮಾತ್ರ ನಾನು ದೂರ ಕೂರುತ್ತೇನೆ. ಬಾಲ್ಕನಿಯಿಂದ ಸಾಲುಗಳು ಒಡೆದು ಸೇರುವ ವಿನ್ಯಾಸ ಪೂರ್ತಿ ಕಾಣುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 34 ಮೀಟರ್ ದೂರದಲ್ಲಿ ಕೂತರೆ ಹೆಜ್ಜೆ ಕಂಡು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದ ಮೇಲೆ ಅದರ ಸದ್ದು. ಶುರುವಿನಲ್ಲಿ ಕಿರಿಕಿರಿ, ಆಮೇಲೆ ಮರೆತುಹೋಗುತ್ತದೆ. ಅಗ್ಗದ ಸೀಟು ಇರುವುದೂ ಅಲ್ಲೇ, ಅಲ್ವಾ?

ಈಗ ನನ್ನ ಲೆಕ್ಕ ಹೀಗಿದೆ: ನಾಟಕಕ್ಕೆ ಕೊನೇ ಗಳಿಗೆಯ ಟಿಕೆಟ್, ತುಂಬಾ ಇಷ್ಟವಾದ ನಾಟಕಕ್ಕೆ ಬಾಗಿಲ ಡ್ಯೂಟಿ, ಸಂಗೀತಕ್ಕೆ ಆ ಸಣ್ಣ ಕೋಣೆ. ಪಾಸ್ ಮತ್ತೆ ಕೊಂಡಿಲ್ಲ. ಮುಂದಿನ ವಾರ ಹೊಸ ನಾಟಕ ಶುರು, ಮೂರು ರಾತ್ರಿಗೂ ಹೆಸರು ಕೊಟ್ಟಿದ್ದೇನೆ. ಟಾರ್ಚಿಗೆ ಸೆಲ್ ತರಬೇಕು.