ಮಂಡಿ ಆಪರೇಷನ್ ಆದ ಮೇಲೆ ಟವೆಲ್, ಸೈಕಲ್, ಈಜುಕೊಳ, ಜಿಮ್: ನನ್ನ ಕಾಲಿಗೆ ಯಾವುದು ಒಗ್ಗಿತು

ಶಟಲ್ ಆಡುವಾಗ ಬಲಮಂಡಿ 'ಟಪ್' ಅಂದದ್ದು ಪಕ್ಕದ ಕೋರ್ಟಿನವರಿಗೂ ಕೇಳಿಸಿತ್ತಂತೆ. ಮಂಡಿಯೊಳಗೆ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಎಸಿಎಲ್ ಲಿಗಮೆಂಟ್, ಪೂರ್ತಿ ಹರಿದಿತ್ತು. ಅದೇ ಕಾಲಿನ ತೊಡೆಯ ಹಿಂಬದಿಯಿಂದ ಹ್ಯಾಮ್‌ಸ್ಟ್ರಿಂಗ್ ಎಳೆ ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಆಪರೇಷನ್ನಿಗೆ ಹಿಡಿದದ್ದು ಒಂದೂವರೆ ಗಂಟೆ. ಕಾಲನ್ನು ಮತ್ತೆ ದಾರಿಗೆ ತರಲು ಹಿಡಿದದ್ದು ಹೆಚ್ಚುಕಡಿಮೆ ಒಂದು ವರ್ಷ. ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಸೈಕಲ್ ತುಳಿ ಅಂದರು, ಇನ್ನೊಬ್ಬರು ಈಜು ಅಂದರು. ನಾನು ನಾಲ್ಕನ್ನೂ ಮಾಡಿ ನೋಡಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಮೆನಿಸ್ಕಸ್‌ಗೆ, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಗೆ, ಹೊಲಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಭಾರ ಹಾಕುವುದಕ್ಕೂ ಮಡಚುವುದಕ್ಕೂ ಬೇರೆ ಲೆಕ್ಕ ಇರುತ್ತದೆ. ನಿಮ್ಮ ಫಿಸಿಯೋ ಹೇಳಿದ ತಾರೀಖೇ ನಿಮ್ಮ ತಾರೀಖು.

ಮೊದಲ ದಿನ ಫಿಸಿಯೋ ಹಾಸಿಗೆ ಮೇಲೆ ಕೂರಿಸಿ, ತೊಡೆ ಬಿಗಿ ಮಾಡಿ ಅಂದರು. ಎಡತೊಡೆ ಕಲ್ಲಿನಂತಾಯಿತು. ಬಲತೊಡೆ ಬೇರೆ ಯಾರದ್ದೋ ಎಂಬಂತೆ ಸುಮ್ನೆ ಬಿದ್ದಿತ್ತು. ಗಾಬರಿಯಾಗಿ ಕೇಳಿದೆ. ಮಂಡಿಯೊಳಗೆ ನೀರು ತುಂಬಿದ್ದಾಗ ದೇಹವೇ ತೊಡೆಯ ಮುಂದಿನ ಸ್ನಾಯುವಿನ ಸ್ವಿಚ್ ಆಫ್ ಮಾಡಿಬಿಡುತ್ತದಂತೆ. ಆದ್ದರಿಂದ ಶಕ್ತಿಯ ಮಾತಿಗಿಂತ ಮೊದಲು ಐಸ್ ಇಡಬೇಕು, ಕಾಲು ಎತ್ತರಕ್ಕಿಡಬೇಕು, ಊತ ಇಳಿಸಬೇಕು.

ಈಗ ಟವೆಲ್. ನಾಲ್ಕರಲ್ಲಿ ಇದೇ ಅಗ್ಗ, ಇದೇ ಬೇಜಾರು. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಬೇಕು. ಮಂಡಿಯ ಹಿಂಭಾಗ ಗಾಳಿಯಲ್ಲಿ ತೂಗಬೇಕು. ಹತ್ತು ನಿಮಿಷ ಹಾಗೇ ಬಿಟ್ಟರೆ ಕಾಲಿನ ಭಾರವೇ ಮಂಡಿಯನ್ನು ಕೆಳಗೆ ಎಳೆದು ನೆಟ್ಟಗೆ ಮಾಡುತ್ತದೆ. ಆರನೇ ನಿಮಿಷಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ನಮ್ಮಮ್ಮ ಪಾಪ, ನೋಡಲಾಗದೆ ಮಂಡಿಯ ಕೆಳಗೆ ದಿಂಬು ಇಟ್ಟುಬಿಡುತ್ತಿದ್ದರು. ಹಾಯ್ ಅನ್ನಿಸುತ್ತಿತ್ತು. ರಾತ್ರಿಯೆಲ್ಲ ಹಾಗೇ ಮಲಗುತ್ತಿದ್ದೆ. ಮಾಡಿದ ತಪ್ಪು ಅದೇ. ಮೂರನೇ ವಾರಕ್ಕೆ ಕಾಲು ಐದು ಡಿಗ್ರಿ ಸೊಟ್ಟಗೆ ನಿಂತಿತ್ತು.

ಎಲ್ಲರೂ ಕೇಳುವುದು 'ಎಷ್ಟು ಮಡಚುತ್ತೆ?' ಅಂತ. 'ನೆಟ್ಟಗಾಗುತ್ತಾ?' ಅಂತ ಕೇಳಿದವರು ಫಿಸಿಯೋ ಒಬ್ಬರೇ. ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಕುಂಟು ಹೋಗುವುದಿಲ್ಲ, ಆಮೇಲೆ ಮಂಡಿಚಿಪ್ಪಿನ ನೋವೂ ಶುರುವಾಗುತ್ತದೆ. ಮನೆಯಲ್ಲೇ ನೋಡಿಕೊಳ್ಳುವ ಉಪಾಯ ಒಂದಿದೆ. ಬೋರಲಾಗಿ ಮಲಗಿ, ಮಂಡಿಯಿಂದ ಕೆಳಗಿನ ಭಾಗವನ್ನು ಮಂಚದಿಂದ ಆಚೆ ಬಿಡಿ. ಆಪರೇಷನ್ ಆದ ಕಾಲಿನ ಹಿಮ್ಮಡಿ ಮೇಲೆ ನಿಂತಿರುತ್ತದೆ. ಎರಡು ಹಿಮ್ಮಡಿಗಳ ನಡುವೆ ಸುಮಾರು 1 ಸೆಂ.ಮೀ. ವ್ಯತ್ಯಾಸ ಅಂದರೆ ಸುಮಾರು 1 ಡಿಗ್ರಿ. ನನ್ನ ಹೆಂಡತಿ ಮಗಳ ಸ್ಕೇಲ್ ಹಿಡಿದು ದಿನಾ ರಾತ್ರಿ ಅಳೆಯುತ್ತಿದ್ದಳು. ದಿಂಬು ತೆಗೆದ ಮೇಲೆ ಆ ಐದು ಸೊನ್ನೆಯಾಗಲು ಇನ್ನೂ ಮೂರು ವಾರ ಬೇಕಾಯಿತು.

ರಬ್ಬರ್ ಬ್ಯಾಂಡ್ ಇದರ ಜೊತೆಗಾರ. ಪಕ್ಕಕ್ಕೆ ಕಾಲೆತ್ತಲು, ಮೀನಖಂಡಕ್ಕೆ ಪರವಾಗಿಲ್ಲ. ಆದರೆ ಹಿಮ್ಮಡಿಗೆ ಸಿಕ್ಕಿಸಿ ಹಿಂದಕ್ಕೆ ಎಳೆಯುವುದನ್ನು ಮೊದಲ ಎಂಟು ವಾರ ಮಾಡಲೇಬೇಡಿ ಅಂದಿದ್ದರು. ಎಳೆ ತೆಗೆದ ಜಾಗ ಮಾಗಬೇಕಲ್ವಾ?

ಸೈಕಲ್ ವಿಷಯದಲ್ಲಿ ಮೊದಲು ದುಡ್ಡು ಕಳೆದುಕೊಂಡೆ. ಕುರ್ಚಿಯಲ್ಲಿ ಕೂತು ತುಳಿಯುವ ಪುಟ್ಟ ಪೆಡಲ್ ಡಬ್ಬ ತರಿಸಿದೆ. ಎರಡು ಸುತ್ತಿಗೆ ಅದು ಸೋಫಾದ ಕೆಳಗೆ ಜಾರಿಹೋಯಿತು. ಅದರಲ್ಲಿ ಮಂಡಿ ಅಷ್ಟೇನೂ ಮಡಚುವುದೂ ಇಲ್ಲ. ಆಮೇಲೆ ಯಾರೋ ಬಟ್ಟೆ ಒಣಗಿಸಲು ಬಳಸುತ್ತಿದ್ದ ಎಕ್ಸರ್‌ಸೈಜ್ ಸೈಕಲ್ಲನ್ನು ಸೆಕೆಂಡ್ ಹ್ಯಾಂಡ್ ಕೊಂಡೆ.

ಪೆಡಲ್ ಒಂದು ಪೂರ್ತಿ ಸುತ್ತು ಬರಬೇಕಾದರೆ ಮಂಡಿ ಸುಮಾರು 105ರಿಂದ 110 ಡಿಗ್ರಿ ಮಡಚಬೇಕು. ನನಗೆ ಆಗ ಬರುತ್ತಿದ್ದದ್ದು ನೂರರ ಆಸುಪಾಸು. ಸೀಟು ಎತ್ತರಕ್ಕೆ ಏರಿಸಿ, ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ತೊಟ್ಟಿಲು ತೂಗಿದ ಹಾಗೆ ಆಡಿಸುತ್ತಾ ಕೂತಿದ್ದೆ. ನಾಲ್ಕನೇ ದಿನ ಹಿಂದಕ್ಕೆ ತುಳಿಯುವಾಗ 'ಗರ್ರ್' ಅಂತ ಪೆಡಲ್ ಮೇಲೆ ಹೋಗಿ ಆ ಕಡೆ ಇಳಿದುಬಿಟ್ಟಿತು. ಮುಂದಕ್ಕೆ ಬರುವ ಮೊದಲು ಹಿಂದಕ್ಕೆ ಬರುವುದು ತುಂಬಾ ಜನರಿಗೆ ಹೀಗೇ ಅಂತೆ. ಅಡುಗೆಮನೆಯಿಂದ ಎಲ್ಲರೂ ಓಡಿಬಂದರು, ಬಿದ್ದೆ ಅಂದುಕೊಂಡು. ನಾನು ಕಿರುಚಿದ್ದು ಖುಷಿಗೆ.

ಮಡಚುವುದರಲ್ಲಿ ಸೈಕಲ್ಲಿಗೆ ಸಾಟಿಯಿಲ್ಲ. ಬೆಡ್‌ಶೀಟ್ ಪಾದಕ್ಕೆ ಸಿಕ್ಕಿಸಿ ಎಳೆದುಕೊಂಡಾಗ ಬಾರದ ಡಿಗ್ರಿಗಳು ಇಪ್ಪತ್ತು ನಿಮಿಷ ತುಳಿದ ಮೇಲೆ ತಾವಾಗಿಯೇ ಬಂದವು. ಬೆಳಗಿನ ಬಿಗಿತಕ್ಕೆ ಎಣ್ಣೆ ಹಾಕಿದ ಹಾಗೆ. ಆದರೆ ತೊಡೆ ದಪ್ಪವಾಗುತ್ತದೆ ಅಂದುಕೊಂಡಿದ್ದರೆ ಮರೆತುಬಿಡಿ.

ಹೊಲಿಗೆಯ ಗಾಯ ಪೂರ್ತಿ ಮುಚ್ಚಿದ ಮೇಲೆ, ಎಂಟನೇ ವಾರ, ಈಜುಕೊಳಕ್ಕೆ ಇಳಿದೆ. ಸೊಂಟದ ತನಕ ನೀರಿದ್ದರೆ ಮೈಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಯ ತನಕ ಬಂದರೆ ಮೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಕುಂಟದೆ ನಡೆದದ್ದು ಅಲ್ಲೇ ಮೊದಲು. ಹಿಮ್ಮಡಿ ಮೊದಲು, ಬೆರಳು ಆಮೇಲೆ, ಎಷ್ಟು ಚೆನ್ನಾಗಿ ನಡೆಯುತ್ತಿದ್ದೇನೆ ಅಂತ ನನಗೇ ಆಶ್ಚರ್ಯ. ಆಮೇಲೆ ಸ್ಟೀಲ್ ಏಣಿ ಹತ್ತಿ ಮೇಲೆ ಬಂದರೆ ಕಳೆದುಹೋಗಿದ್ದ ಭಾರವೆಲ್ಲ ಒಂದೇ ಸಲ ವಾಪಸ್. ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್ ಬೇಡವೇ ಬೇಡ ಅಂದಿದ್ದರು, ಅದು ಮಂಡಿಯನ್ನು ತಿರುಚುತ್ತದೆ. ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಆ ನೀರು, ಕೇಳಬೇಡಿ. ಬಟ್ಟೆ ಬದಲಿಸುವ ಕೋಣೆಯ ಪಾಚಿಗಟ್ಟಿದ ಟೈಲ್ಸ್ ಮೇಲೆ ಒಂದು ಸಲ ಜಾರಿದೆ, ಗೋಡೆ ಹಿಡಿದು ಉಳಿದೆ. ಮಂಡಿ ನೆಟ್ಟಗಿಲ್ಲದವರನ್ನು ಆ ನೆಲದ ಮೇಲೆ ಒಬ್ಬರನ್ನೇ ಕಳಿಸಬಾರದು.

ಒಂದೂವರೆ ತಿಂಗಳು ಹೋದೆ. ದರ್ಜಿಯ ಟೇಪಿನಲ್ಲಿ ಚಿಪ್ಪಿನಿಂದ 10 ಸೆಂ.ಮೀ. ಮೇಲೆ ಅಳೆದರೆ ಬಲತೊಡೆ ಎಡತೊಡೆಗಿಂತ 3.5 ಸೆಂ.ಮೀ. ಕಮ್ಮಿ. ಹೋಗುವ ಮೊದಲೂ ಅಷ್ಟೇ ಇತ್ತು. ಭಾರ ಇಳಿಸುವುದೇ ನೀರಿನ ಗುಣ. ಸ್ನಾಯು ಬೆಳೆಯುವುದು ಭಾರ ಬಿದ್ದಾಗ.

ನಡುವೆ ಒಂದು ಎಡವಟ್ಟು. ಹನ್ನೊಂದನೇ ವಾರ ನೋವೇ ಇರಲಿಲ್ಲ. ಬಸ್ ಹೊರಟಿತು ಅಂತ ಓಡಿದೆ. ಬಸ್ ಸಿಕ್ಕಿತು, ಮಂಡಿ ಐದು ದಿನ ತೆಂಗಿನಕಾಯಿ ಗಾತ್ರ ಆಗಿತ್ತು. ಕೂರಿಸಿದ ಎಳೆ ದೇಹದೊಳಗೆ ಹೊಸದಾಗಿ ಬೇರು ಬಿಡುವ ಮುನ್ನ ಒಮ್ಮೆ ದುರ್ಬಲವಾಗುತ್ತದೆ. ಆರರಿಂದ ಹನ್ನೆರಡನೇ ವಾರದ ಹೊತ್ತಿಗೆ ಅದು ತೀರಾ ಬಡಕಲು. ನಮಗೆ ಆರಾಮ ಅನ್ನಿಸಲು ಶುರುವಾಗುವುದೂ ಅದೇ ಹೊತ್ತಿಗೆ.

ಜಿಮ್ಮಿಗೆ ಹೋಗಲು ನಾಚಿಕೆಯಿತ್ತು. ಸುತ್ತಲೂ ಹುಡುಗರು ನೂರು ಕಿಲೋ ಎತ್ತುವಾಗ ನಾನು ಲೆಗ್ ಪ್ರೆಸ್‌ನಲ್ಲಿ ಖಾಲಿ ತಟ್ಟೆ ತಳ್ಳುತ್ತಿದ್ದೆ. ಎರಡೂ ಕಾಲು ಇಟ್ಟು ತಳ್ಳಿದರೆ ಒಳ್ಳೆ ಕಾಲು ಕಳ್ಳಾಟ ಆಡುತ್ತದೆ. ಅದಕ್ಕೇ ಒಂಟಿಕಾಲಿನಲ್ಲೇ ತಳ್ಳಬೇಕು. ಕೂತು ಕಾಲು ಮೇಲೆತ್ತುವ ಲೆಗ್ ಎಕ್ಸ್‌ಟೆನ್ಷನ್ ಮೆಷಿನ್‌ನಲ್ಲಿ ಹುಷಾರು. ಕಾಲು ನೆಟ್ಟಗಾಗುವ ಕೊನೆಯ 45 ಡಿಗ್ರಿಯಲ್ಲಿ ಅದು ಹೊಸ ಲಿಗಮೆಂಟನ್ನು ಎಳೆಯುತ್ತದೆ, 90ರಿಂದ 45ರ ತನಕ ಮಾತ್ರ ಮಾಡಿ ಅಂದಿದ್ದರು. ಅಲ್ಲಿನ ಟ್ರೇನರ್ ಹುಡುಗನಿಗೆ ಇದು ಗೊತ್ತಿರಲಿಲ್ಲ. ಚೀಟಿಯಲ್ಲಿ ಬರೆಸಿಕೊಂಡು ಹೋಗಿದ್ದಕ್ಕೆ ಬಚಾವ್. ವಾರಕ್ಕೆ ಮೂರು ದಿನ, ಆರು ತಿಂಗಳು. ಒಂಬತ್ತನೇ ತಿಂಗಳಿಗೆ 3.5 ಇದ್ದದ್ದು 1 ಸೆಂ.ಮೀ.ಗೆ ಬಂತು.

ದುಡ್ಡು ಎರಡಕ್ಕೇ ಇದೆ ಅಂದರೆ ನಾನು ಟವೆಲ್ ಮತ್ತು ಜಿಮ್ ಹಿಡಿಯುತ್ತೇನೆ. ಸೈಕಲ್ಲನ್ನು ಎರಡು ತಿಂಗಳಿಗೆ ಯಾರಿಂದಾದರೂ ಕೇಳಿ ತರಬಹುದು. ಈಜುಕೊಳ ಮನಸ್ಸಿಗೆ ಒಳ್ಳೆಯದು, ಅಷ್ಟೇ. ವಜ್ರಾಸನ ಹತ್ತನೇ ತಿಂಗಳಿಗೆ ಬಂತು, ಅದೂ ಪೃಷ್ಠದ ಕೆಳಗೆ ದಿಂಬಿಟ್ಟುಕೊಂಡು.

ಏಳನೇ ತಿಂಗಳಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೆ. ಹತ್ತುವುದು ಸಲೀಸಾಗಿತ್ತು. ಇಳಿಯಲು ನಾಲ್ಕು ಮೆಟ್ಟಿಲಿಗೇ ತೊಡೆ ನಡುಗಿತು, ಮೈಭಾರವನ್ನೆಲ್ಲ ಅದೊಂದೇ ತಡೆದು ಹಿಡಿಯಬೇಕಲ್ಲ. ಬಸ್ಸಿನಲ್ಲಿ ವಾಪಸ್ ಬಂದೆ. ಹನ್ನೊಂದನೇ ತಿಂಗಳು ನಡೆದೇ ಇಳಿದೆ, ನಂದಿಯ ಹತ್ತಿರ ಒಂದು ಸಲ ಕೂತು.

ಸೈಕಲ್ ಈಗ ಕೆಳಗಿನ ಮನೆಯ ಅಜ್ಜಿಯ ಹತ್ತಿರ ಇದೆ. ಅವರದ್ದು ಮಂಡಿ ಬದಲಿಸಿದ ಆಪರೇಷನ್. ಸೀಟು ಮೊದಲು ಎಷ್ಟು ಎತ್ತರ ಇರಬೇಕು, ಆಮೇಲೆ ಎಷ್ಟು ಇಳಿಸಬೇಕು ಅಂತ ಕಂಬಿಯ ಮೇಲೆ ಮಾರ್ಕರ್‌ನಲ್ಲಿ ಮೂರು ಗೆರೆ ಎಳೆದು ಕೊಟ್ಟಿದ್ದೇನೆ. ನಿನ್ನೆ ಸಂಜೆ ಅವರು ಎರಡನೇ ಗೆರೆಗೆ ಇಳಿದರು.